ಬೀಗರ ಎದುರಿಗೆ ಹೋದ ಗಾಳಿ

ಚೋಲ್ಪೋನ್ (ನರ್ಸ್): ಗಾಳಿ ಹೋಯ್ತೋ ಇಲ್ವೋ ತಾತ? ಅಷ್ಟು ಹೇಳಿ ಸಾಕು.

ಎಸೆನ್‌ಕುಲ್: ಹೋಗಿಲ್ಲ ಅಂದೆನಲ್ಲ ತಾಯಿ. ಎಷ್ಟು ಸಲ ಹೇಳೋದು?

ಚೋಲ್ಪೋನ್: ನಾನು ಬಾಗಿಲ ಹತ್ರಾನೇ ಇದ್ದೆ. ಕಿವಿಯಾರೆ ಕೇಳಿಸ್ಕೊಂಡೆ.

ಎಸೆನ್‌ಕುಲ್: ಹೊರಗೆ ಲಾರಿ ಹೋಯ್ತು.

ಚೋಲ್ಪೋನ್: ಬೆಳಗ್ಗಿಂದ ಮೊಣಕಾಲುದ್ದ ಹಿಮ. ನಾರಿನ್‌ಗೆ ಇವತ್ತು ಒಂದು ಲಾರಿನೂ ಬಂದಿಲ್ಲ.

ನಾರಿನ್ ಊರಿನ ಆಸ್ಪತ್ರೆಯಲ್ಲಿ ಎಸೆನ್‌ಕುಲ್‌ನ ತಿರುಚಿಕೊಂಡಿದ್ದ ಕರುಳನ್ನು ಆಪರೇಷನ್ ಮಾಡಿ ಸರಿಪಡಿಸಿ ಇಂದಿಗೆ ಮೂರು ದಿನ. ಕರುಳು ಮತ್ತೆ ಕೆಲಸಕ್ಕೆ ಇಳಿದಿದೆ ಎನ್ನುವುದಕ್ಕೆ ಗಾಳಿಯೇ ಸಾಕ್ಷಿ. ಅದು ಹೋಗುವ ತನಕ ಬಾಯಿಗೆ ಏನೂ ಇಲ್ಲ, ಡ್ರಿಪ್ ಮಾತ್ರ. ಹೆಂಡತಿ ಬುರುಲ್ ಕುರಿಯ ತಿಳಿಸಾರನ್ನು ಬಟ್ಟೆ ಸುತ್ತಿ ತಂದು ಕೂತಿದ್ದಳು. ಆದರೆ ಪಕ್ಕದ ಮಂಚದಲ್ಲಿ ಬೇಗಾಲಿ ಇದ್ದರು. ನಿನ್ನೆಯಷ್ಟೇ ಅವರಿಗೂ ಹೊಟ್ಟೆಯ ಆಪರೇಷನ್ ಆಗಿತ್ತು. ಎಸೆನ್‌ಕುಲ್ ಮಗಳನ್ನು ಕೊಟ್ಟ ಮನೆಯ ಯಜಮಾನರು, ಬೀಗರು. ಅವರ ಎದುರು ಹನ್ನೊಂದು ವರ್ಷದಿಂದ ಕಾಲು ಚಾಚಿ ಕೂತವನಲ್ಲ ಈತ.

ಬುರುಲ್: ರೀ, ಹೇಳ್ಬಿಡಿ. ಸಾರು ಆರ್ತಾ ಇದೆ.

ಎಸೆನ್‌ಕುಲ್ (ಪಿಸುಗುಟ್ಟಿ): ಸುಮ್ನಿರೇ. ಮಗಳು ಬಾಳೋ ಮನೆಯವರು.

ಬುರುಲ್: ಅವಳ ಬಾಳಿಗೂ ನಿಮ್ಮ ಹೊಟ್ಟೆಗೂ ಏನು ಸಂಬಂಧ?

ಬೇಗಾಲಿ ಗಂಟಲು ಸರಿಮಾಡಿಕೊಂಡರು.

ಬೇಗಾಲಿ: ಸಿಸ್ಟರ್, ಬೀಗರನ್ನ ಯಾಕೆ ಪೀಡಿಸ್ತೀರಿ? ಅದು ನಂದು.

ಚೋಲ್ಪೋನ್: ನಿಮ್ದಾ? ಒಳ್ಳೇದಾಯ್ತು. ಹಾಗಾದ್ರೆ ಸಾರು ನಿಮಗೆ.

ಬುರುಲ್ ಗಂಡನ ಮುಖ ನೋಡಿದಳು, ಬಟ್ಟಲು ತುಂಬಿಸಿ ಎರಡೂ ಕೈಯಿಂದ ಬೀಗರಿಗೆ ಕೊಟ್ಟಳು. ಬೀಗಿತ್ತಿ ಕೊಟ್ಟ ಬಟ್ಟಲನ್ನು ರುಚಿ ನೋಡದೆ ಹಿಂದಿರುಗಿಸುವುದು ಆ ಊರಲ್ಲಿ ಜಗಳಕ್ಕೆ ಕರೆದಂತೆ. ಬೇಗಾಲಿ ಬಟ್ಟಲು ಹಿಡಿದು ಸೂರು ನೋಡುತ್ತ ಕೂತರು.

ಎಸೆನ್‌ಕುಲ್: ತಾಯಿ, ಸುಮ್ನೆ ಕೇಳ್ತೀನಿ. ಗಾಳಿ ಹೋಗದವರು ಕುಡಿದ್ರೆ ಏನಾಗತ್ತೆ?

ಚೋಲ್ಪೋನ್: ಹೊಟ್ಟೆ ಊದ್ಕೊಳ್ಳತ್ತೆ. ವಾಂತಿ ಆಗತ್ತೆ. ಮತ್ತೆ ಕೊಯ್ಯಬೇಕಾಗಿನೂ ಬರಬಹುದು.

ಬೇಗಾಲಿ ಅದನ್ನು ಪೂರ್ತಿ ಕೇಳಿದರು. ಆಮೇಲೆ "ಬಿಸ್ಮಿಲ್ಲಾ" ಎಂದು ಬಟ್ಟಲು ಎತ್ತಿದರು.

ಎಸೆನ್‌ಕುಲ್: ಕುಡೀಬೇಡಿ ಬೀಗರೇ! ಅದು ನಂದು!

ಬೇಗಾಲಿ: ಎಂಥಾ ದೊಡ್ಡ ಮನಸ್ಸು ನಿಮ್ದು! ನನ್ನ ಮಾನ ಉಳಿಸೋಕೆ...

ಎಸೆನ್‌ಕುಲ್: ಮಾನ ಅಲ್ಲ ಬೀಗರೇ, ಗಾಳಿ! ದೇವರಾಣೆ ನಂದೇ! ಬೆಳಗ್ಗೆ ನಮಾಜಿನ ಹೊತ್ತಲ್ಲಿ ಹೋಗಿದ್ದೂ ನಂದೇ!

ಬಟ್ಟಲಿನ ಅಂಚಿನ ಮೇಲೆ ಮೊದಲಿನಿಂದಲೂ ಚೋಲ್ಪೋನ್‌ಳ ಎರಡು ಬೆರಳುಗಳಿದ್ದವು, ಅವರು ಕುಡಿಯದಂತೆ. ಅವಳು ಬಟ್ಟಲನ್ನು ತೆಗೆದಿಟ್ಟು, ಸ್ಟೆತಸ್ಕೋಪನ್ನು ಒಂದು ಹೊಟ್ಟೆಗೆ, ಆಮೇಲೆ ಇನ್ನೊಂದಕ್ಕೆ ಇಟ್ಟು ಕೇಳಿದಳು.

ಚೋಲ್ಪೋನ್: ಈ ಹೊಟ್ಟೆಯಲ್ಲಿ ಸಂತೆ. ಆ ಹೊಟ್ಟೆ ಇನ್ನೂ ಮಲಗಿದೆ. ಅಮ್ಮಾ, ಮೇಲಿನ ಜಿಡ್ಡು ತೆಗೆದು ತಾತನಿಗೆ ನಾಲ್ಕು ಚಮಚ. ಐದು ಬೇಡ.

ಎಸೆನ್‌ಕುಲ್ ಕಣ್ಣು ಮುಚ್ಚಿ ನಾಲ್ಕು ಚಮಚ ಕುಡಿದ. ದೇವರಿಗೆ ಕೃತಜ್ಞತೆ ಹೇಳಿದ. ಬೀಗರ ಕಡೆ ತಿರುಗುವ ಧೈರ್ಯ ಮಾತ್ರ ಬರಲಿಲ್ಲ.

ಬೇಗಾಲಿ: ಬೀಗರೇ, ಒಂದು ಮಾತು ನಡೆಸಿಕೊಡಬೇಕು.

ಎಸೆನ್‌ಕುಲ್: ಹೇಳಿ ಬೀಗರೇ. ಪ್ರಾಣ ಬೇಕಾದ್ರೂ ಕೊಡ್ತೀನಿ.

ಬೇಗಾಲಿ: ಪ್ರಾಣ ಇಟ್ಕೊಳ್ಳಿ. ನಾಳೆ ನನಗೆ ಹೋದಾಗ, ಮರ್ಯಾದೆಗೆ ಅಂತ ಅದು ನಿಮ್ದು ಅನ್ನಬೇಡಿ. ನನಗೂ ಹಸಿವಾಗಿದೆ.