ಅತ್ತೆಯ ಕುರ್ಚಿ, ಅಳಿಯನ ಹಿಮ್ಮಡಿ

ಪಂಡಿತ ಆ ಬೆಳಿಗ್ಗೆ ಹಾಸಿಗೆಯ ಮೇಲೆ ಕೂತು ಒಂದು ಭೀಕರ ಪ್ರತಿಜ್ಞೆ ಮಾಡಿದ: ಈ ಹಿಮ್ಮಡಿ ನೋವಿನ ಹುಟ್ಟಡಗಿಸದೆ ತಾನು ವಿರಮಿಸುವುದಿಲ್ಲ. ಪ್ರತಿಜ್ಞೆಗೆ ತಕ್ಕ ಗಾಂಭೀರ್ಯದಿಂದ ಎದ್ದು ನಿಂತ. ನಿಂತವನೇ "ಅಯ್ಯಯ್ಯೋ" ಎಂದು ಮತ್ತೆ ಹಾಸಿಗೆಗೆ ಕುಸಿದ. ಪಕ್ಕದಲ್ಲಿ ಮಲಗಿದ್ದ ಹೆಂಡತಿ ಕಣ್ಣು ತೆರೆಯದೆಯೇ ಕೇಳಿದಳು:

"ಆರೂವರೆ ಆಯ್ತಾ?"

ಕೆಲವು ತಿಂಗಳಿಂದ ಅವಳು ಅಲಾರಂ ಇಡುವುದನ್ನೇ ಬಿಟ್ಟಿದ್ದಳು.

ಪಂಡಿತ ಎಂಬುದು ಅವನ ಹೆಸರಲ್ಲ, ಅವನ ಪಾಂಡಿತ್ಯಕ್ಕೆ ಸಾಕ್ಷಿಯೂ ಅಲ್ಲ. ಅವನು ಕೆಲಸ ಮಾಡುವ ಫರ್ನಿಚರ್ ಮಳಿಗೆಯಲ್ಲಿ ಜೊತೆಗಾರರು ಕೊಟ್ಟ ಬಿರುದು 'ಕುರ್ಚಿ ಪಂಡಿತ'. ಬೆನ್ನುಮೂಳೆಯ ಬಾಗು, ತೊಡೆಯ ಉದ್ದ, ಮೊಣಕಾಲಿನ ಕೋನ ಎಂದು ಅವನು ಶುರುಮಾಡಿದನೆಂದರೆ, ಒಂದು ಸ್ಟೂಲು ಕೊಳ್ಳಲು ಬಂದವರು ಸೋಫಾ ಹೊರಿಸಿಕೊಂಡು ಹೋಗುತ್ತಿದ್ದರು. ಆದರೆ ಮಾಲೀಕರದು ಒಂದೇ ಕಟ್ಟುನಿಟ್ಟು: ಮಾರುವವರು ಮಾಲಿನ ಮೇಲೆ ಕೂರುವಂತಿಲ್ಲ. ಹೀಗಾಗಿ ಕೂರುವ ಸುಖದ ಬಗ್ಗೆ ಬೆಳಗಿನಿಂದ ಸಂಜೆಯ ತನಕ ಉಪನ್ಯಾಸ ಮಾಡುವ ಈ ಮಹಾನುಭಾವ, ಅಷ್ಟೂ ಹೊತ್ತು ನುಣ್ಣನೆಯ ಕಲ್ಲುನೆಲದ ಮೇಲೆ, ಕಪ್ಪು ಬೂಟಿನಲ್ಲಿ, ನಿಂತೇ ಇರುತ್ತಿದ್ದ. ಹಿಮ್ಮಡಿ ಎಷ್ಟು ದಿನ ತಾನೇ ತಾಳೀತು?

ಡಾಕ್ಟರು ಎಕ್ಸ್‌ರೇ ತೆಗೆಸಿದರು. ಬೆಳಕಿನ ಹಲಗೆಯ ಮೇಲೆ ಪಂಡಿತನ ಪಾದ ಬೆಳ್ಳಗೆ ಹೊಳೆಯಿತು. ಹಿಮ್ಮಡಿಯ ಅಡಿಯಲ್ಲಿ ಗುಲಾಬಿ ಗಿಡದ ಮುಳ್ಳಿನ ಹಾಗೆ ಒಂದು ಚೂಪು ಮೂಳೆ ಮುಂದಕ್ಕೆ ಚಾಚಿಕೊಂಡಿತ್ತು. ಪಂಡಿತನಿಗೆ ಕಳ್ಳ ಕೈಗೆ ಸಿಕ್ಕಿಬಿದ್ದಷ್ಟು ಸಂತೋಷ.

"ಕತ್ತರಿಸಿಬಿಡಿ ಡಾಕ್ಟ್ರೇ."

"ಅದರ ಪಾಡಿಗೆ ಅದು ಇರಲಿ ಬಿಡಿ," ಎಂದರು ಡಾಕ್ಟರು. "ಎಷ್ಟೋ ಜನಕ್ಕೆ ಇದು ಇರುತ್ತೆ, ಇರೋದೇ ಗೊತ್ತಿರಲ್ಲ. ನಿಮಗೆ ನೋವು ಬರ್ತಿರೋದು ಅಂಗಾಲಿನ ನಾರು ಎಳೆದು ಎಳೆದು ಬಳಲಿರೋದ್ರಿಂದ. ಕುಯ್ಯೋದೆಲ್ಲ ಕೊನೇ ಮಾತು. ಮೊದಲು ತಾಳ್ಮೆಯಿಂದ ಆರೈಕೆ ಮಾಡಿ. ಆರು ತಿಂಗಳಾಗಬಹುದು, ವರ್ಷವೂ ಆಗಬಹುದು."

ಬೆಳಿಗ್ಗೆ ನೆಲಕ್ಕೆ ಕಾಲಿಡುವ ಮೊದಲು ಪಾದಕ್ಕೆ ಟವೆಲ್ ಸಿಕ್ಕಿಸಿ ತನ್ನತ್ತ ಎಳೆದುಕೊಳ್ಳಬೇಕು, ಗೋಡೆಯನ್ನು ತಳ್ಳುತ್ತಾ ನಿಂತು ಮೀನಖಂಡ ಹಿಗ್ಗಿಸಬೇಕು, ಫ್ರೀಜರಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಯ ಮೇಲೆ ಅಂಗಾಲು ಉರುಳಿಸಬೇಕು, ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿರಬೇಕು, ಬೂಟಿನಲ್ಲಿ ಹಿಮ್ಮಡಿಯ ಕೆಳಗೆ ಒಂದು ಮೆತ್ತೆ ಇಟ್ಟುಕೊಳ್ಳಬೇಕು ಎಂದೆಲ್ಲ ಅವರು ಹೇಳಿ ಕಳಿಸಿದರು. ಪಂಡಿತನ ಕಿವಿಗೆ ಇದೆಲ್ಲ ಬಿದ್ದರೂ ತಲೆಯಲ್ಲಿ ಉಳಿದದ್ದು ಆ ಮುಳ್ಳು ಮಾತ್ರ. ಬೆಳೆದದ್ದನ್ನು ಕುಯ್ಯಬೇಕು, ಇದಕ್ಕೆ ಡಾಕ್ಟರಿಕೆ ಬೇರೆ ಓದಬೇಕೆ?

ಆರೈಕೆ ಶುರುವಾಯಿತು. ಮೊದಲ ವಾರವೇ ಹೆಪ್ಪುಗಟ್ಟಿದ ಬಾಟಲಿಯನ್ನು ಅಂಗಾಲಿನಿಂದ ಉರುಳಿಸಿ ಉರುಳಿಸಿ ಕರಗಿಸಿದವನು, ಅದನ್ನು ಒರೆಸದೆ ತಂದು ಫ್ರಿಜ್ಜಿನಲ್ಲಿ ಕುಡಿಯುವ ನೀರಿನ ಪಕ್ಕದಲ್ಲೇ ಇಟ್ಟ. ಆ ಸಂಜೆ ಮನೆಗೆ ಬಂದ ಮನೆ ಮಾಲೀಕರು ಬಾಟಲಿಯನ್ನು ಎತ್ತಿ ಬಾಯಿಗೇ ಹಚ್ಚಿ ಗಟಗಟ ಕುಡಿದು, ನಿಮ್ಮನೆ ನೀರು ಬಹಳ ರುಚಿ ಎಂದು ಹೊಗಳಿ ಹೋದರು. ಹೆಂಡತಿ ಅಂದೇ ಬಾಟಲಿಯ ಕುತ್ತಿಗೆಗೆ ಒಂದು ಹಳೆಯ ಕಾಲುಚೀಲ ಕಟ್ಟಿದಳು.

ಮನೆಯಲ್ಲಿ ಇದ್ದದ್ದು ಮೂವರು. ಮೂರನೆಯವರು ಹೆಂಡತಿಯ ತಾಯಿ. ಮಗಳ ಮನೆಗೆ ಬರುವಾಗ ಒಂದು ಟ್ರಂಕು, ಒಂದು ಕುರ್ಚಿ ತಂದಿದ್ದರು. ಟ್ರಂಕು ಮಂಚದ ಕೆಳಗೆ ಸೇರಿತು. ಕುರ್ಚಿ ಕಿಟಕಿಯ ಪಕ್ಕದ ಗೋಡೆಗೆ ಆತುಕೊಂಡಿತು. ಮಾವ ಬದುಕಿದ್ದಾಗ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಅವರು ಜೀವಮಾನದಲ್ಲಿ ಮಾಡಿದ ಮರಗೆಲಸ ಅದೊಂದೇ. ಅತ್ತೆಯ ಮೊಣಕಾಲು ಕೈಕೊಟ್ಟ ಮೇಲೆ, ಅವರನ್ನು ಇಟ್ಟಿಗೆಗಳ ಮೇಲೆ ಕೂರಿಸಿ, ಒಂದೊಂದೇ ಇಟ್ಟಿಗೆ ಏರಿಸುತ್ತಾ ಇಳಿಸುತ್ತಾ, ಯಾವ ಎತ್ತರದಿಂದ ಇವಳು ಯಾರ ಕೈಯನ್ನೂ ಹಿಡಿಯದೆ ಏಳಬಲ್ಲಳು ಎಂದು ನೋಡಿ, ಆ ಎತ್ತರಕ್ಕೇ ಕುರ್ಚಿ ಮಾಡಿಕೊಟ್ಟಿದ್ದರು. ಅತ್ತೆ ಎರಡೂ ಕೈ ಊರಿ ಒಮ್ಮೆ ಒತ್ತಿದರೆ ಸಾಕು, ಎದ್ದು ನಿಲ್ಲುತ್ತಿದ್ದರು. ಬೇರೆ ಯಾವ ಆಸನದಿಂದ ಏಳಬೇಕಾದರೂ ಅವರಿಗೆ ಮಗಳು ಬೇಕು.

ಪಂಡಿತನಿಗೆ ಈ ಕುರ್ಚಿಯ ಮೇಲೆ ವೃತ್ತಿಪರ ತಾತ್ಸಾರ. ಬೆನ್ನಿಗೆ ಬಾಗಿಲ್ಲ, ಕೈಗಳು ಒರಟು, ಶಾಸ್ತ್ರವೇ ಇಲ್ಲ. ಆದರೂ ಮೀನಖಂಡ ಹಿಗ್ಗಿಸಲು ಅವನು ಅದನ್ನೇ ಆರಿಸಿಕೊಂಡ. ಗೋಡೆ ತಳ್ಳುವುದು ಸಾಮಾನ್ಯ ಜನರ ಕೆಲಸ. ಬೆರಳಂಚಿನಲ್ಲಿ ಕುರ್ಚಿಯ ಬೆನ್ನು ಹಿಡಿದು ತಳ್ಳುವುದರಲ್ಲೊಂದು ಘನತೆ ಇದೆ ಎಂದು ಅವನ ಲೆಕ್ಕ.

ಒಂದು ಬೆಳಿಗ್ಗೆ, ಅತ್ತೆ ಸ್ನಾನಕ್ಕೆ ಹೋಗಿದ್ದಾಗ, ಅವನು ಎಡಗಾಲನ್ನು ಹಿಂದಕ್ಕೆ ಚಾಚಿ ಬಲವಾಗಿ ತಳ್ಳಿದ. ಕುರ್ಚಿ ಕಿರ್ರೆಂದು ಗೋಡೆಗುಂಟ ಒಂದು ಗೇಣು ಸರಿಯಿತು. ಅದು ಇದ್ದ ಜಾಗದಲ್ಲಿ ಕರಿ ಚರ್ಮದ ದಪ್ಪ ತುಂಡೊಂದು ಬಿದ್ದಿತ್ತು. ಒಂದು ಕಡೆ ದುಂಡು, ಒಂದು ಕಡೆ ನೇರ, ಒತ್ತಿದರೆ ಸ್ವಲ್ಪ ತಗ್ಗುತ್ತಿತ್ತು. ಹಳೆಯ ಕಸ, ಯಾವ ಕಾಲದ್ದೋ ಎಂದುಕೊಂಡ. ಬೂಟಿನೊಳಗೆ ಇಟ್ಟು ನೋಡಿದ. ಅಳತೆ ಕೊಟ್ಟು ಮಾಡಿಸಿದ ಹಾಗೆ ಹಿಮ್ಮಡಿಯ ಕೆಳಗೆ ಕೂತಿತು.

ಆ ದಿನ ಮಳಿಗೆಯಲ್ಲಿ ನೋವು ನಿಜವಾಗಿಯೂ ಕಮ್ಮಿಯಿತ್ತು. ಸಂಜೆ ಮನೆಗೆ ಬಂದವನು ಬಾಗಿಲಲ್ಲೇ ತನ್ನ ಗೆಲುವನ್ನು ಸಾರಿದ. ಒಳಗಿನಿಂದ ಸ್ವಾಗತಕ್ಕೆ ಬಂದದ್ದು ಒಂದು ಟಕ್ ಟಕ್ ಸದ್ದು.

"ಯಾಕೋ ಕುರ್ಚಿ ಅಲ್ಲಾಡ್ತಿದೆ," ಎಂದರು ಅತ್ತೆ, ಎರಡೂ ಕೈಗಳಿಂದ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು. "ಏಳೋಕೆ ಭಯ ಆಗುತ್ತೆ."

ಪಂಡಿತ ಬಗ್ಗಿ, ಒಂದು ಕಣ್ಣು ಮುಚ್ಚಿ, ನಾಲ್ಕು ಕಾಲುಗಳನ್ನೂ ಪರೀಕ್ಷಿಸಿದ. ರೋಗ ತಿಳಿಯಲು ಎಕ್ಸ್‌ರೇ ಕೂಡ ಬೇಕಾಗಲಿಲ್ಲ.

"ಒಂದು ಕಾಲು ಬೆಳೆದಿದೆ ಅತ್ತೆ."

"ಮರದ ಕಾಲು ಬೆಳೆಯುತ್ತಾ ರೀ?" ಎಂದಳು ಹೆಂಡತಿ.

"ನನ್ನ ಹಿಮ್ಮಡಿ ಬೆಳೆದಿದೆ ಅಂದ್ರೂ ಎಕ್ಸ್‌ರೇ ನೋಡೋ ತನಕ ನೀನು ನಂಬಿರಲಿಲ್ಲ. ಥಂಡಿ ಹೀರಿಕೊಂಡು ಮರ ಉಬ್ಬುತ್ತೆ."

"ಕೆಳಗೆ ಪೇಪರ್ ಮಡಚಿ ಇಡಿ, ಸಾಕು."

"ಅದು ನೋವಿನ ಮಾತ್ರೆ ನುಂಗಿದ ಹಾಗೆ ಕಣೇ. ಖಾಯಿಲೇನ ಬುಡದಲ್ಲೇ ಕುಯ್ದುಹಾಕಬೇಕು."

ಅತ್ತೆ ಮೆಲ್ಲಗೆ, "ಹಿಂದೆಯೂ ಒಂದು ಸಲ ಹೀಗೇ ಅಲ್ಲಾಡ್ತಿತ್ತು ಅಳಿಯಂದಿರೇ, ಆಗ ನಮ್ಮನೆಯವರು..." ಎಂದು ಬಾಯಿ ತೆರೆದರು. ಪಂಡಿತ ಚೌಕಾಸಿ ಮಾಡುವ ಗಿರಾಕಿಯನ್ನು ತಡೆಯುವ ಹಾಗೆ ಅಂಗೈ ಎತ್ತಿದ. ಇದೇ ತನ್ನ ಉದ್ಯೋಗವೆಂದೂ, ಮಾವನವರು ರೇಡಿಯೋಗೆ ಹೇಗೋ ಕುರ್ಚಿಗೆ ತಾನು ಹಾಗೆಂದೂ, ಅತ್ತೆ ನಿಶ್ಚಿಂತೆಯಿಂದ ಇರಬೇಕೆಂದೂ ಹೇಳಿದ. ಅಳಿಯನ ಮನೆಯಲ್ಲಿ ಇರುವ ಅತ್ತೆ, ಅಳಿಯ ಕೈ ಎತ್ತಿದ ಮೇಲೆ ಇನ್ನೇನು ಹೇಳಿಯಾರು? ಮಾತು ನುಂಗಿಕೊಂಡರು. ಆ ಒಂದು ವಾಕ್ಯ ಪೂರ್ತಿಯಾಗಲು ಬಿಟ್ಟಿದ್ದರೆ ಎಂದು ಪಂಡಿತ ಮುಂದೆ ಎಷ್ಟು ಸಲ ಕೊರಗಿದನೋ ಅವನಿಗೇ ಗೊತ್ತು.

ಭಾನುವಾರ ತಾಯಿ ಮಗಳು ಚಿಕ್ಕಮ್ಮನ ಮನೆಗೆ ಹೋದರು. ಪಂಡಿತ ಮಳಿಗೆಯಿಂದ ಎರವಲು ತಂದಿದ್ದ ಗರಗಸವನ್ನು ಹೊರತೆಗೆದ. ಒಳಗೆ ಹೊಟ್ಟು ಬೀಳಬಾರದಲ್ಲ, ಕುರ್ಚಿಯನ್ನು ಬಾಲ್ಕನಿಗೆ ಹೊತ್ತೊಯ್ದ. ಬೆಳೆದ ಕಾಲನ್ನು ಗುರುತಿಸಿ, ಬೆರಳಗಲ ಕುಯ್ದ. ಈಗ ಎದುರಿನ ಕಾಲು ಬೆಳೆದಿತ್ತು. ಅದನ್ನೂ ಕುಯ್ದ. ಆಮೇಲೆ ಉಳಿದ ಎರಡೂ ತಲೆ ಎತ್ತಿದವು. ಅವಕ್ಕೂ ಪಾಠ ಕಲಿಸಿದ. ಕೊನೆಗೆ ಕುರ್ಚಿ ಅಲ್ಲಾಡದೆ ನಿಂತಿತು. ಬೆವರು ಒರೆಸಿಕೊಂಡು, ಜಯಶಾಲಿಯಾಗಿ ಅದನ್ನು ಒಳಗೆ ತಂದಿಟ್ಟ.

ಟಕ್ ಟಕ್.

ಬಾಲ್ಕನಿಯ ನೆಲವನ್ನು, ನೀರು ಹರಿದುಹೋಗಲೆಂದು ಮೂಲೆಯ ತೂತಿನ ಕಡೆಗೆ ಇಳಿಜಾರಾಗಿ ಕಟ್ಟಿರುತ್ತಾರೆ ಎಂಬ ಸಂಗತಿ ಅವನಿಗೆ ಹೊಳೆದದ್ದು ಆಗ. ಪರವಾಗಿಲ್ಲ, ಒಳಗೇ ಕುಯ್ದರಾಯಿತು. ಕುಯ್ದ. ಹಿಂದಿನ ಬಲಗಾಲು ಗಿಡ್ಡವಾಯಿತು. ಅದಕ್ಕೆ ಸಮಾನಮಾಡಲು ಮುಂದಿನ ಎಡಗಾಲು ಕುಯ್ದರೆ ಕುರ್ಚಿ ಮುಂದಕ್ಕೆ ಮುಗ್ಗರಿಸಿತು. ಇಷ್ಟರಲ್ಲಿ ಬಗ್ಗಿ ಎದ್ದು, ಬಗ್ಗಿ ಎದ್ದು, ಹಿಮ್ಮಡಿ ಚಿಟಚಿಟ ಎನ್ನುತ್ತಿತ್ತು. ಹಲ್ಲು ಕಚ್ಚಿ ಕುಯ್ದ. ನಡುನಡುವೆ ಕೂತು ಪರೀಕ್ಷಿಸುತ್ತಿದ್ದವನಿಗೆ ಪ್ರತಿಸಲವೂ ನೆಲ ತನ್ನನ್ನು ಎದುರುಗೊಳ್ಳಲು ಮೇಲಕ್ಕೆ ಬರುತ್ತಿರುವಂತೆ ಭಾಸವಾಯಿತು. ಕಡೆಗೊಮ್ಮೆ ಅಲುಗಾಟ ಸಂಪೂರ್ಣವಾಗಿ ನಿಂತಿತು. ಕುರ್ಚಿ ಬಂಡೆಯ ಹಾಗೆ ಕೂತಿತ್ತು. ಬಂಡೆಯಷ್ಟೇ ಎತ್ತರವೂ ಇತ್ತು.

ಅದನ್ನು ಕಿಟಕಿಯ ಪಕ್ಕದಲ್ಲಿ ಇಟ್ಟಾಗ ಗೋಡೆಯ ಮೇಲೊಂದು ಗೆರೆ ಕಂಡಿತು. ಇಷ್ಟು ವರ್ಷ ಕುರ್ಚಿಯ ಬೆನ್ನು ಉಜ್ಜಿ ಉಜ್ಜಿ ಬಣ್ಣ ಕಿತ್ತುಹೋದ ಗೆರೆ. ಈಗ ಅದು ಕುರ್ಚಿಗಿಂತ ಒಂದು ಗೇಣು ಮೇಲೆ, ಯಾರೋ ಹುಬ್ಬೇರಿಸಿದ ಹಾಗೆ, ಒಂಟಿಯಾಗಿ ಉಳಿದಿತ್ತು.

ಸಂಜೆ ಅತ್ತೆ ಬಂದರು. ಅಭ್ಯಾಸದಂತೆ ಹಿಂದೆ ನೋಡದೆ ಕುರ್ಚಿಗೆ ಕೂರಹೋದರು. ಇಳಿದರು, ಇಳಿದರು, ಕುರ್ಚಿ ಇನ್ನೂ ಸಿಗಲಿಲ್ಲ. ಕೊನೆಗೆ ಧೊಪ್ಪೆಂದು ಸಿಕ್ಕಿತು. ಮೊಣಕಾಲುಗಳು ಎದೆಯ ಹತ್ತಿರ ಬಂದವು. ಅವರನ್ನು ಎಬ್ಬಿಸಲು ಮಗಳೂ ಅಳಿಯನೂ ಇಬ್ಬರೂ ಬೇಕಾದರು.

"ಅಲ್ಲಾಡ್ತಿಲ್ಲ," ಎಂದರು ಅತ್ತೆ, ಅಳಿಯನಿಗೆ ಬೇಜಾರಾಗಬಾರದೆಂದು.

ಹೆಂಡತಿ ಪೊರಕೆ ತಂದು ಮರದ ಹೊಟ್ಟು ಗುಡಿಸಿದಳು. ಬೈದಿದ್ದರೆ ಪಂಡಿತ ಬದುಕಿಕೊಳ್ಳುತ್ತಿದ್ದ.

ಆಮೇಲೆ ಅತ್ತೆ ಊಟದ ಮೇಜಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅಂಚಿನಲ್ಲಿ, ಬಸ್ಸಿಗೆ ಕಾಯುವವರ ಹಾಗೆ ಕೂರತೊಡಗಿದರು. ಪಂಡಿತ ಮಳಿಗೆಯಿಂದ ಒಂದು ಮೆತ್ತನೆಯ ಕುರ್ಚಿ ತಂದ. ಅತ್ತೆ ಅದರಲ್ಲಿ ಹೂತುಹೋದರು. ಇನ್ನೊಂದು ತಂದ; ಅದರ ಕೈಗಳು ಎಷ್ಟು ಸುಂದರವೋ ಅಷ್ಟು ಜಾರು. ಇತ್ತ ಅವನ ಹಿಮ್ಮಡಿ ಮಾತ್ರ ದಿನದಿಂದ ದಿನಕ್ಕೆ ಸುಧಾರಿಸುತ್ತಿತ್ತು. ಟವೆಲ್ ಎಳೆಯುವಾಗ, ಬಾಟಲಿ ಉರುಳಿಸುವಾಗ, ಅವನಿಗೆ ಆ ಸುಖವೇ ಚುಚ್ಚುತ್ತಿತ್ತು.

ಒಂದು ಸಂಜೆ ಹೆಂಡತಿ ಕೇಳಿದಳು: "ಅಮ್ಮ ನೀರು ಕುಡಿಯೋದು ಕಮ್ಮಿ ಮಾಡಿದಾಳೆ, ಗಮನಿಸಿದ್ರಾ?"

"ಇಲ್ವಲ್ಲ. ಯಾಕೆ?"

"ಕುಡಿದ್ರೆ ಏಳಬೇಕಲ್ಲ. ಎಬ್ಬಿಸೋಕೆ ನನ್ನ ಕರೀಬೇಕಲ್ಲ."

ಪಂಡಿತನಿಗೆ ಮುಳ್ಳು ಹಿಮ್ಮಡಿಯಿಂದ ಹೊರಟು ಎಲ್ಲಿಗೋ ಬಂದು ನೆಟ್ಟ ಹಾಗಾಯಿತು.

ಮುಂದಿನ ರಜೆಯ ದಿನ ಹೆಂಡತಿ ಅವನ ಬೂಟುಗಳ ವಾಸನೆ ತಾಳಲಾರದೆ, ಬಿಸಿಲಿಗಿಡಲೆಂದು ತಲೆಕೆಳಗು ಮಾಡಿ ಕೊಡವಿದಳು. ಚರ್ಮದ ತುಂಡು ಕೆಳಗೆ ಬಿತ್ತು. ಎತ್ತಿ ನೋಡಿದಳು. ಅದರ ಬೆನ್ನಿನಲ್ಲಿ ಒಣಗಿದ ಗೋಂದು. ಗೋಂದಿನ ನಡುವೆ, ಮುದ್ರೆ ಒತ್ತಿದ ಹಾಗೆ, ಚೌಕಾಕಾರದ ಒಂದು ತಗ್ಗು. ಅವಳು ತುಂಡನ್ನು ನೋಡಿದಳು, ಕುರ್ಚಿಯ ಕಾಲನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ಇದು ಎಲ್ಲಿ ಸಿಕ್ತು ರೀ?"

"ಅಲ್ಲೇ... ಕುರ್ಚಿ ಹತ್ರ ಬಿದ್ದಿತ್ತು," ಎಂದ ಪಂಡಿತ. ಹೇಳುತ್ತಾ ಹೇಳುತ್ತಾ ಅವನಿಗೆ ಎಲ್ಲವೂ ಅರ್ಥವಾಯಿತು.

ಅತ್ತೆ ಕೈ ಚಾಚಿದರು. ಮಗಳು ತುಂಡನ್ನು ಅವರ ಅಂಗೈಯಲ್ಲಿಟ್ಟಳು. ಅವರು ಅದನ್ನು ಹೆಬ್ಬೆರಳಿನಿಂದ ಬಹಳ ಹೊತ್ತು ಸವರಿದರು. ಅಂದು ಅರ್ಧಕ್ಕೆ ನಿಂತಿದ್ದ ವಾಕ್ಯ ಈಗ ಮುಂದುವರಿಯಿತು. ಕುರ್ಚಿ ಮಾಡುವಾಗ ಒಂದು ಕಾಲು ಗಿಡ್ಡವಾಗಿಬಿಟ್ಟಿತಂತೆ. ಉಳಿದ ಮೂರನ್ನೂ ಸ್ವಲ್ಪ ಕುಯ್ದುಬಿಡಿ ಎಂದು ಅತ್ತೆಯೇ ಹೇಳಿದರಂತೆ. ಮಾವ ಒಪ್ಪಲಿಲ್ಲ, ಕುಯ್ದರೆ ನಿನ್ನ ಎತ್ತರ ಹೋಗುತ್ತೆ ಕಣೇ ಎಂದವರೇ, ತಾವು ಹಾಕಿಕೊಂಡಿದ್ದ ಚಪ್ಪಲಿಯ ಹಿಮ್ಮಡಿಯನ್ನು ಕುಯ್ದು ಆ ಕಾಲಿಗೆ ಅಂಟಿಸಿದರಂತೆ. ಹೊಸ ಚಪ್ಪಲಿ ಕೊಳ್ಳುವ ತನಕ ಒಂದು ಕಡೆ ವಾಲಿಕೊಂಡೇ ಅಂಗಡಿಗೆ ಹೋಗಿ ಬರುತ್ತಿದ್ದರಂತೆ. ಹೇಳುವಾಗ ಅತ್ತೆಗೆ ನಗು ಬಂತು. ಬೇರೆ ಯಾರಿಗೂ ಬರಲಿಲ್ಲ.

"ಅಪ್ಪ ಅಮ್ಮನ ಕುರ್ಚಿಗೋಸ್ಕರ ತಮ್ಮ ಚಪ್ಪಲಿ ಕುಯ್ದರು," ಎಂದಳು ಹೆಂಡತಿ, ದನಿ ಏರಿಸದೆ. "ನೀವು ನಿಮ್ಮ ಬೂಟಿಗೋಸ್ಕರ ಅಮ್ಮನ ಕುರ್ಚಿ ಕುಯ್ದಿರಿ."

ಕಾಲುಗಳಿಗೆ ಮರದ ತುಂಡು ಹಾಕಿಸುತ್ತೇನೆ, ಗೋಡೆಯ ಮೇಲಿನ ಗೆರೆ ಇದೆಯಲ್ಲ, ಅದನ್ನೇ ಅಳತೆ ಇಟ್ಟುಕೊಂಡು ಮೊದಲಿನ ಎತ್ತರಕ್ಕೇ ತರಿಸುತ್ತೇನೆ ಎಂದು ಪಂಡಿತ ತೊದಲಿದ. ಆಗಲಿ, ನಿಧಾನವಾಗಿ ಮಾಡಿಸಿ ಎಂದರು ಅತ್ತೆ. ಹಾಗೆಂದು, ನಿಂತೇ ಇದ್ದ ಅವನಿಗೆ ಕೂತುಕೊಳ್ಳಲು ಕಣ್ಣಲ್ಲೇ ಸನ್ನೆ ಮಾಡಿದರು. ಹತ್ತಿರದಲ್ಲಿ ಖಾಲಿ ಇದ್ದದ್ದು ಆ ಗಿಡ್ಡ ಕುರ್ಚಿ ಒಂದೇ. ಪಂಡಿತ ಅದರಲ್ಲಿ ಮುದುಡಿ ಕೂತ. ಈಗ ಅವನು ಅತ್ತೆಯನ್ನು ಕತ್ತೆತ್ತಿ ನೋಡಬೇಕಾಗಿತ್ತು.

ಅವರು ಬಗ್ಗಿ, ಚರ್ಮದ ತುಂಡನ್ನು ಅವನ ಕೈಯಲ್ಲಿಟ್ಟು, ಬೆರಳುಗಳನ್ನು ಮಡಚಿದರು.

"ಕಾಲಿಗೆ ಹಾಕ್ಕೊಳ್ಳಿ ಅಳಿಯಂದಿರೇ, ನೋವಿದೆ ನಿಮಗೆ. ಕುರ್ಚಿಗೆ ಇನ್ನು ಇದು ಬೇಕಾಗಲ್ಲ. ಅದು ಈಗ ಒಂಚೂರೂ ಅಲ್ಲಾಡಲ್ಲವಲ್ಲ."