ಮೂರು ಶಾಲೆ, ಒಂದು ‘ಪಾಪ’

ಎರಡು ಭಾಷೆಗಳ ನಡುವೆ ಸಂಸಾರ ಹೂಡಿದವರಿಗೆ ನಗುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಬಾಗಿಲು ತೆರೆದು ಹೊರಗೆ ಕಾಲಿಟ್ಟರೆ ಸಾಕು. ಮೊಬೈಲಿನಲ್ಲಿ ಹಾವಿನ ಆಟ ಬಿಟ್ಟರೆ ಬೇರೇನೂ ಇಲ್ಲದ ಕಾಲ ಅದು. ಗಂಡನಿಗೆ ವಿಶಾಖಪಟ್ಟಣದ ಔಷಧ ಕಂಪನಿಯಲ್ಲಿ ಕೆಲಸ ಸಿಕ್ಕಿ, ದಾವಣಗೆರೆಯಿಂದ ಬಂದು ಮೂರು ತಿಂಗಳಾಗಿತ್ತು. ಆರು ವರ್ಷದ ಮಗಳು ಹೊರಗಿನವರ ಹತ್ತಿರ ಒಮ್ಮೆಯೂ ತುಟಿ ಬಿಚ್ಚಿರಲಿಲ್ಲ. ಶಾಲೆಯ ಮಾತೆತ್ತಿದರೆ ಮಂಚದ ಕೆಳಗೆ ಸೇರುತ್ತಿದ್ದಳು.

“ಈ ವಾರ ಯಾವ ಸ್ಕೂಲಿಗೂ ಒಪ್ಪದಿದ್ರೆ ಶನಿವಾರ ರೈಲು ಹತ್ತಿಸ್ತೀನಿ. ದಾವಣಗೇರೀಲಿ ಅಜ್ಜಿ ಹತ್ರ ಓದ್ಲಿ” ಎಂದು ಇವರು ತೀರ್ಪು ಕೊಟ್ಟರು. ಅವಳಿಲ್ಲದ ಮನೆ ನನಗೆ ಬೇಡವಾಗಿತ್ತು.

ನಾನು ಕಲಿತದ್ದು ಸರ್ಕಾರಿ ಶಾಲೆಯಲ್ಲಿ. ಹಾಗಾಗಿ ನಮ್ಮ ಸುತ್ತಲಿನ ಮೂರು ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಹೋಲಿಸಿ ನೋಡೋಣವೆಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ: ಸೂರು, ನೀರು, ಮೇಷ್ಟ್ರು, ಅಂಗಳ. ಗೆರೆ ಎಳೆಯುವಾಗಲೇ ಅವಳು ಡಾಕ್ಟರಾಗಿ ಮನೆಗೆ ಬಂದಂತೆ ಕನಸು ಕಂಡೆ. ಎಚ್ಚರದಲ್ಲೇ ಕನಸು ಕಾಣುವವರ ಪೈಕಿ ನಾನು.

ಬೆಟ್ಟದ ಶಾಲೆ

ಮೊದಲನೆಯದು ಸಿಂಹಾಚಲಂ ಬೆಟ್ಟದ ಬುಡದಲ್ಲಿ. ಒಳಗೆ ಕಾಲಿಟ್ಟರೆ ಸಂಪಿಗೆಯ ಪರಿಮಳ. ಮಕ್ಕಳ ಮಗ್ಗಿ ಜೋಗುಳದಂತೆ ಕೇಳುತ್ತಿತ್ತು. ನನಗೆ ಅಲ್ಲೇ ಬೆಂಚಿನ ಮೇಲೆ ಕಣ್ಣು ಮುಚ್ಚಿ ಎರಡನೇ ಕ್ಲಾಸಿಗೆ ಸೇರಿಬಿಡೋಣ ಅನ್ನಿಸಿತು.

ಹೆಡ್‌ಮೇಡಂ ವಿಜಯವಾಡ ಕಡೆಯವರು, ದೊಡ್ಡ ದನಿ, ದೊಡ್ಡ ಮನಸ್ಸು. ಮಗಳ ಗಲ್ಲ ಹಿಡಿದು “ಪಾಪ ಎಂತ ಮುದ್ದುಗಾ ಉಂದೋ!” ಎಂದರು. ತೆಲುಗಿನಲ್ಲಿ ಪಾಪ ಎಂದರೆ ಪುಟ್ಟ ಹುಡುಗಿ. ಇನ್ನೊಬ್ಬ ಟೀಚರು “ಪಾಪ ಪೇರೇಮಿಟಿ?” ಎಂದು ಹೆಸರು ಕೇಳಿದರು. ಮತ್ತೊಬ್ಬರು “ಪಾಪ ಅನ್ನಂ ತಿನ್ನದಾ?” ಎಂದು ಊಟ ವಿಚಾರಿಸಿದರು. ಮಗಳು ಹಣೆ ಮುಟ್ಟಿ ಜ್ವರ ನೋಡಿಕೊಂಡಳು.

ಗೇಟು ದಾಟಿದ ಮೇಲೆ ಕೇಳಿದೆ, “ಚೆನ್ನಾಗಿದೆ ಅಲ್ವೇನೇ?”

“ಬೇಡಮ್ಮ. ಎಲ್ರೂ ನನ್ನ ನೋಡಿ ಪಾಪ ಪಾಪ ಅಂದ್ರು. ಇಲ್ಲಿ ಸೇರಿದ ಮಕ್ಕಳ ಗತಿ ಏನು ಅಂತ ಅವ್ರಿಗೇ ಗೊತ್ತಲ್ವಾ!”

ರಸ್ತೆಯ ಶಾಲೆ

ಹೆದ್ದಾರಿ ಪಕ್ಕದ ಎರಡನೆಯದಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಪೂರ್ತಿ ಅಂಕ. ಹೊಸ ಸೂರು, ಎರಡು ನಲ್ಲಿ, ಗೋಡೆ ತುಂಬ ಚಿತ್ರ. ಮಧ್ಯಾಹ್ನದ ಊಟದ ಹೊತ್ತು. ಮಕ್ಕಳು ತಟ್ಟೆ ಹಿಡಿದು ಕೂತಿದ್ದರು. ಹೆಡ್‌ಮಾಸ್ಟರು ಎಲ್ಲಿ ಎಂದು ನನ್ನ ಹರಕು ತೆಲುಗಿನಲ್ಲಿ ವಿಚಾರಿಸಿದೆ.

ಒಬ್ಬ ಹುಡುಗಿ ಎದ್ದು ನಿಂತು “ಸಾರು ಲೇರಂಡಿ” ಎಂದಳು. ಅಲ್ಲಿ ಸರ್ ಅನ್ನುವುದನ್ನು ಸಾರು ಅನ್ನುತ್ತಾರೆ.

ಮಗಳು ತಟ್ಟೆಗಳತ್ತ ಕಣ್ಣು ಹಾಯಿಸಿ ಪಿಸುಗುಟ್ಟಿದಳು. “ಅಮ್ಮ, ಸಾರು ಇಲ್ವಂತೆ. ಬರೀ ಅನ್ನ ತಿಂತಾರಾ?”

“ಸಾರು ಸ್ಕೂಟರ್ ಮೀದ ವಸ್ತುನ್ನಾರು” ಎಂದಳು ಹುಡುಗಿ. ಅಷ್ಟು ತೆಲುಗು ಮಗಳಿಗೆ ಅರ್ಥವಾಗುತ್ತಿತ್ತು.

“ಸ್ಕೂಟರ್ ಮೇಲೆ ಬರುತ್ತಾ? ಚೆಲ್ಲಲ್ವಾ?”

ನಾನು ನಗು ನುಂಗಿಕೊಳ್ಳುವಷ್ಟರಲ್ಲಿ ಹೆಡ್‌ಮಾಸ್ಟರು ಬಂದಿಳಿದರು. ಪಾಪದ ಮನುಷ್ಯ, ಬಾಗಿ ಕೈ ಚಾಚಿ ಮಗಳಿಗೆ ಶೇಕ್‌ಹ್ಯಾಂಡ್ ಕೊಡಲು ಬಂದರು. ಮಗಳು ಆ ಕೈಯನ್ನು ನೋಡಿದಳು, ಸ್ಕೂಟರಿನ ಹಿಂದೆ ಮುಂದೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಬರಿಗೈಲಿ ಬಂದವ್ರೆ ಕಣಮ್ಮ!”

ಸಮುದ್ರದ ಶಾಲೆ

ಶುಕ್ರವಾರ ಮೂರನೆಯದು, ಋಷಿಕೊಂಡದ ಹತ್ತಿರ. ಒಂದೇ ಕೋಣೆ, ಒಬ್ಬರೇ ಟೀಚರಮ್ಮ, ನಲ್ಲಿ ಇಲ್ಲ. ಕಿಟಕಿಯ ತುಂಬ ಸಮುದ್ರ. ನೋಟ್‌ಬುಕ್ಕಿನಲ್ಲಿ ಬರೆಯಲು ಏನೂ ಇರಲಿಲ್ಲ. ಅಲೆ ನೋಡುತ್ತ ನಿಂತೆ. ನಾಳೆ ರೈಲು ಎಂಬುದು ನೆನಪಾಗಿ ಕಣ್ಣು ಮಂಜಾಯಿತು.

ಟೀಚರಮ್ಮ ಮಂಡಿಯೂರಿ ಮಗಳನ್ನು ಕೇಳಿದರು, “ಮಾ ಬಡಿಕಿ ವಸ್ತಾವಾ, ತಲ್ಲಿ? ಮಾ ಬಡಿ ಚಾಲಾ ಬಾಗುಂಟುಂದಿ.”

ಮಗಳು ಕಿಟಾರನೆ ಕಿರುಚಿ ನನ್ನ ಸೆರಗಿನೊಳಗೆ ಹೊಕ್ಕಳು. “ಬಡೀತಾರಂತೆ! ಚೆನ್ನಾಗಿ ಬಡೀತಾರಂತೆ!”

ಅವರ ಭಾಷೆಯಲ್ಲಿ ಬಡಿ ಎಂದರೆ ಶಾಲೆ, ನಮ್ಮಲ್ಲಿ ಬಡಿ ಎಂದರೆ ಹೊಡಿ ಎಂದು ಟೀಚರಮ್ಮನಿಗೆ ಕೈಬಾಯಿ ಎರಡರಲ್ಲೂ ವಿವರಿಸಿದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಮಗಳ ಕೈಹಿಡಿದು ಅಂಗಳದ ಬೇವಿನ ಮರದ ಹತ್ತಿರ ಕರೆದೊಯ್ದರು. ಅಲ್ಲಿ ಗಂಟೆಯ ಬದಲು ರೈಲು ಕಂಬಿಯ ತುಂಡು ತೂಗುತ್ತಿತ್ತು. ಕಬ್ಬಿಣದ ಸರಳನ್ನು ಅವಳ ಕೈಗೆ ಕೊಟ್ಟು, ಹೊಸದಾಗಿ ಕಲಿತ ಕನ್ನಡದಲ್ಲಿ ಕಂಬಿ ತೋರಿಸಿ ಹೇಳಿದರು, “ಬಡಿ!”

ಮಗಳು ಮೆಲ್ಲಗೆ ಬಡಿದಳು. ಟಣ್ ಎಂದಿತು. ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದ ಹುಡುಗಿ, ಅದಷ್ಟನ್ನೂ ಸೇರಿಸಿ ಬಡಿಯತೊಡಗಿದಳು. ಟಣಟಣಟಣ!

ಒಳಗಿದ್ದ ಮಕ್ಕಳಿಗೆ ಇಷ್ಟೇ ಸಾಕಾಯಿತು. ಹಲಗೆ ಕಂಕುಳಲ್ಲಿ ಇಟ್ಟುಕೊಂಡು, ಹೋ ಎಂದು ಕೂಗುತ್ತ, ಬಾಗಿಲಲ್ಲಿ ಅರ್ಧ ಕಿಟಕಿಯಲ್ಲಿ ಅರ್ಧ ಹೊರಬಿದ್ದು ಮನೆಗೆ ಓಡಿದರು. “ಆಗಂಡ್ರಾ! ಆಗಂಡ್ರಾ!” ಎಂದು ಟೀಚರಮ್ಮ ಸೆರಗು ಸಿಕ್ಕಿಸಿ ಗೇಟಿನವರೆಗೆ ಓಡಿದರು. ಬೆಳಗಿನ ಹನ್ನೊಂದು ಗಂಟೆಗೆ ಶಾಲೆ ಖಾಲಿ. ಅಂಗಳದಲ್ಲಿ ಧೂಳು, ಆಚೆ ಅಲೆಯ ಸದ್ದು. ನಾನು ಕ್ಷಮೆ ಕೇಳಲು ತೆಲುಗು ಪದ ಹುಡುಕುತ್ತಿದ್ದೆ.

ಅಷ್ಟರಲ್ಲಿ ಮಗಳು ನನ್ನನ್ನು ದಾಟಿ ಹೋಗಿ, ಏದುಸಿರು ಬಿಡುತ್ತಿದ್ದ ಟೀಚರಮ್ಮನ ಸೀರೆ ಜಗ್ಗಿದಳು. ಹೊರಗಿನವರೊಂದಿಗೆ ಅವಳು ಆಡಿದ ಮೊದಲ ಮಾತು, ಅದೂ ಕನ್ನಡದಲ್ಲಿ:

“ಮಿಸ್, ನಾಳೆ ಎಷ್ಟೊತ್ತಿಗೆ ಬಂದು ಬಡೀಲಿ?”