ನಮ್ಮೂರ ನಿಲುಗಡೆಯ ಎರಡು ನಿಮಿಷ

ಎಲ್ಲರನ್ನೂ ಹೊತ್ತು ದಡ ಸೇರಿಸುವ ಆ ದಯಾಮಯನಿಗೆ ಮೊದಲ ಸಲಾಮು. ಅವನ ಹೆಸರೆತ್ತದೆ ನಾನು ಬಟ್ಟೆಗೆ ಕತ್ತರಿ ಇಡುವವನಲ್ಲ, ಮಾತಿಗೂ ಹಾಗೆಯೇ.

ನಾನು ದರ್ಜಿ. ಧುಪದಾಳದಿಂದ ಬಹಳ ದೂರವಿಲ್ಲದ ಒಂದು ಸಣ್ಣ ಊರಿನವನು. ಬೆಳಗಾವಿಯ ಅಂಗಡಿಯೊಂದರಲ್ಲಿ ಸಾಲಿ ಮಕ್ಕಳ ಯೂನಿಫಾರ್ಮ್ ಬಟ್ಟೆ ಕತ್ತರಿಸುವುದು ನನ್ನ ಕೆಲಸ. ನಮ್ಮೂರ ಸ್ಟೇಷನ್ನಿನಲ್ಲಿ ಮುಂಜಾನೆಯ ಕರೆಂಟಿನ ಲೋಕಲ್ ಗಾಡಿ ಎರಡು ನಿಮಿಷ ನಿಲ್ಲುತ್ತದೆ. ಆದರೆ ಆರು ತಿಂಗಳು ನೋಡುತ್ತೇವೆ, ಜನ ಹತ್ತದಿದ್ದರೆ ನಿಲ್ಲಿಸುವುದನ್ನು ಬಿಡುತ್ತೇವೆ ಎಂದು ರೈಲ್ವೆಯವರು ಮೊದಲೇ ಹೇಳಿಬಿಟ್ಟಿದ್ದರು. ಅಂಗಡಿ ಮಾಲಕರೂ ಹೇಳಿದ್ದರು: ಹತ್ತು ಗಂಟೆಗೆ ನಾನು ಮೇಜಿನ ಮುಂದೆ ಇರದಿದ್ದರೆ ಕತ್ತರಿ ಬೇರೆಯವರ ಕೈಗೆ. ಎರಡು ಬಸ್ಸು ಬದಲಿಸಿ ಹತ್ತಕ್ಕೆ ಮುಟ್ಟಲು ನನ್ನ ಮೊಣಕಾಲು ಒಪ್ಪುವುದಿಲ್ಲ. ಹೀಗಾಗಿ ಆ ಆರು ತಿಂಗಳು ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಎಷ್ಟು ತಲೆ ಎಂದು ಎಣಿಸುವುದೇ ಕೆಲಸ. ಇಂಥ ಚಡಪಡಿಕೆಯವನ ಕಣ್ಣಿಗೇ ದೇವರು ವಾರಕ್ಕೊಂದಾದರೂ ತಮಾಷೆ ಬೀಳಿಸುತ್ತಿದ್ದ.

ಇಂಜಿನ್ನಿಗೆ ಕಾದವರು

ಗಾಡಿ ಶುರುವಾದ ಮೊದಲ ವಾರ. ಕುರಿ ಸಾಕುವ ಮನೆತನದ ಹಿರಿಯರೊಬ್ಬರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಟಿಕೆಟ್ ತೆಗೆಸಿದರು. ಒಂದು ತಲೆ ಹೆಚ್ಚಾಯಿತೆಂದು ನನಗೆ ಸಮಾಧಾನ. ಗಾಡಿ ಬಂತು. ಈ ಲೋಕಲ್ಲಿಗೆ ಬೇರೆ ಇಂಜಿನ್ ಎಂಬುದಿಲ್ಲ, ಡ್ರೈವರನ ಕೋಣೆ ಡಬ್ಬಿಯಲ್ಲೇ ಇರುತ್ತದೆ. ಹಿರಿಯರು ಆ ತುದಿ ನೋಡಿದರು, ಈ ತುದಿ ನೋಡಿದರು, ಹೋಗಿ ಕಟ್ಟೆಯ ಮೇಲೆ ಕೂತರು. ನಾನು ಬಾಗಿಲಿನಿಂದಲೇ ಹತ್ತಿರಿ ಎಂದು ಕೈಬೀಸಿದೆ.

"ಅವಸರ ಯಾಕ್ರಿ ಮಾಸ್ತರ? ಇನ್ನೂ ಇಂಜಿನ್ ಹಚ್ಚಿಲ್ಲ," ಎಂದರು. ಅವರು ಹಾಗೆನ್ನುತ್ತಿದ್ದಂತೆ ಗಾಡಿ ಹೊರಟೇಬಿಟ್ಟಿತು.

ಸಂಜೆ ನಾನು ಇಳಿದಾಗ ಅದೇ ಕಟ್ಟೆಯ ಮೇಲೆ ಹಾಗೇ ಕೂತಿದ್ದಾರೆ. ಮನೆಗೆ ಹೋಗಲಿಲ್ಲವೇ ಎಂದು ಕೇಳಿದೆ.

"ಎತ್ತಿಲ್ಲದ ಬಂಡಿ ತಾನ ಹೋತಂದ್ರ, ಆ ಕಡೆ ಇಳಕಲ ಇರಬೇಕು. ಹೊಳ್ಳಿ ಬರಾಗ ಏರು ಹೆಂಗ ಹತ್ತತೈತಿ ನೋಡೂಣಂತ ಕುಂತೇನಿ."

ಟಾವೆಲ್ಲಿನ ಪ್ರಯಾಣ

ನಮ್ಮ ಕಡೆ ಕಿಟಕಿಯಿಂದ ಒಳಗೆ ಟಾವೆಲ್ ಒಗೆದರೆ ಆ ಸೀಟು ಹಿಡಿದಂತೆ. ಅದಕ್ಕೆ ಕಾಯಿದೆ ಇಲ್ಲ, ಆದರೆ ಮೀರಿದವರೂ ಇಲ್ಲ. ಮೂಡಲಗಿಯ ಬೆಲ್ಲದ ವ್ಯಾಪಾರಿಯೊಬ್ಬರು ಒಂದು ದಿನ ನನ್ನ ಬಾಜೂ ಸೀಟಿಗೆ ಟಾವೆಲ್ ಒಗೆದು, ಪರಿಚಯದವರೊಬ್ಬರು ಕರೆದರೆಂದು ಅಲ್ಲೇ ಮಾತಿಗೆ ನಿಂತರು. ಹಳೆಯ ಗಾಡಿ ಹೊರಡುವ ಮುಂಚೆ ಕೆಮ್ಮುತ್ತಿತ್ತು, ಸೀನುತ್ತಿತ್ತು. ಓಡಿ ಬಂದು ಹತ್ತಲು ಸಮಯ ಸಿಗುತ್ತಿತ್ತು. ಈ ಗಾಡಿಗೆ ಅಂಥ ಮುಲಾಜಿಲ್ಲ. ವ್ಯಾಪಾರಿ ಅಲ್ಲೇ ಉಳಿದರು, ಟಾವೆಲ್ ಹೊರಟಿತು.

ಮುಂದಿನ ಸ್ಟೇಷನ್ನುಗಳಲ್ಲಿ ಹತ್ತಿದವರೆಲ್ಲ ಟಾವೆಲ್ ನೋಡಿ, ಯಾರೋ ಬರುತ್ತಾರೆಂದು ನಿಂತೇ ಇದ್ದರು. ಮಾಲಕರು ಹಿಂದೆ ಉಳಿದಿದ್ದಾರೆ, ಕೂಡ್ರಿ ಎಂದು ನಾನು ಎಷ್ಟು ಹೇಳಿದರೂ ಹುಕ್ಕೇರಿಯ ಒಬ್ಬ ಯಜಮಾನರು ಒಪ್ಪಲಿಲ್ಲ. ಮಂದಿ ಹಿಡಿದ ಸೀಟಿನಲ್ಲಿ ಕೂತು ಮಾತು ಕೇಳುವುದು ಬೇಡ ಎಂದರು. ಬೆಳಗಾವಿಯವರೆಗೆ ಟಾವೆಲ್ ಕೂತು ಬಂತು, ಯಜಮಾನರು ನಿಂತು ಬಂದರು.

ಮರುದಿನ ಮಡಚಿದ ಟಾವೆಲ್ ಕೈಗಿಟ್ಟಾಗ ವ್ಯಾಪಾರಿ ಅದನ್ನೇ ದಿಟ್ಟಿಸಿ ನೋಡಿದರು. "ನಾ ನಿನ್ನೆ ಬಸ್ಸಿನ್ಯಾಗ ಒಂದ ಕಾಲ ಮ್ಯಾಲೆ ನಿಂತ ಹೋಗೇನ್ರಿ. ಇದು ಕುಂತ ಹೋಗಿ, ಕುಂತ ಬಂದೈತಿ. ಮುಂದಿನ ಸಲ ನನ್ನ ಒಗೀತೇನಿ, ಇದು ಓಡಿ ಬಂದು ಹತ್ತಲಿ."

ಪಶ್ಚಿಮ ಯಾವ ಕಡೆ

ಒಂದು ಸಂಜೆ ಹೊಳ್ಳಿ ಬರುವಾಗ ಎದುರಿನ ಗಾಡಿಗೆ ದಾರಿ ಬಿಟ್ಟು ನಮ್ಮ ಗಾಡಿ ನಡುದಾರಿಯಲ್ಲಿ ನಿಂತಿತು. ಆಕಾಶದ ತುಂಬ ಮೋಡ. ನಮಾಜಿನ ಹೊತ್ತು ಮೀರುತ್ತಿತ್ತು. ಕೂತಲ್ಲೇ ಮಾಡೋಣವೆಂದು ಬಾಜೂದವರನ್ನು ಪಶ್ಚಿಮ ಯಾವ ಕಡೆ ಎಂದು ಮೆಲ್ಲಗೆ ಕೇಳಿದೆ. ಅಷ್ಟೇ ಕೇಳಿದ್ದು, ಇಡೀ ಡಬ್ಬಿ ಎದ್ದು ನಿಂತಿತು.

ನಾಗನೂರಿನ ರೈತರೊಬ್ಬರು ದೂರದ ಕಾರ್ಖಾನೆಯ ಚಿಮಣಿ ನೋಡಿ ಎಡಕ್ಕೆ ಎಂದರು. ಕಾಲೇಜಿನಲ್ಲಿ ಪಾಠ ಹೇಳುವ ಬಾಯಿಯವರೊಬ್ಬರು ಮೊಬೈಲ್ ನೋಡಿ ಬಲಕ್ಕೆ ಎಂದರು. ಅಜ್ಜಿಯೊಬ್ಬರು, ಹೊತ್ತು ಮುಳುಗುವುದು ತಮ್ಮ ಹಿತ್ತಲ ಕಡೆಗೆ, ಹಿತ್ತಲು ಎಲ್ಲಿದೆ ಎಂಬುದು ಮಾತ್ರ ಇಲ್ಲಿಂದ ತಿಳಿಯುತ್ತಿಲ್ಲ ಎಂದರು. ಒಬ್ಬೊಬ್ಬರ ಮಾತಿಗೂ ನಮ್ಮ ಸೀಟಿನ ನಾಲ್ವರು ಎದ್ದು, ಜಾಗ ಬಿಟ್ಟು, ನನ್ನನ್ನು ತಿರುಗಿಸಿ ಕೂರಿಸಿದರು. ಕಡೆಗೆ ಎಲ್ಲರೂ ಒಂದು ದಿಕ್ಕಿಗೆ ಒಪ್ಪಿದರು. ನಾನು ಕಣ್ಣು ಮುಚ್ಚಿದೆ. ಗಾಡಿ ಹೊರಟು, ದೊಡ್ಡ ತಿರುವಿನಲ್ಲಿ ಹೊರಳಿತು.

ಒಪ್ಪಿಕೊಳ್ಳುವವನು ಮನಸ್ಸು ನೋಡುತ್ತಾನೆ ಎಂದು ಪ್ರಾರ್ಥನೆ ಮುಗಿಸಿದೆ. ದೇವರು ಎಲ್ಲ ಕಡೆಗೂ ಇದ್ದಾನೆ, ನೀವ್ಯಾರೂ ಬೇಜಾರಾಗಬೇಡಿ ಎಂದು ಎಲ್ಲರಿಗೂ ಕೈಮುಗಿದೆ. ನಾಗನೂರಿನ ರೈತರು ಸೊಂಟ ಹಿಡಿದುಕೊಂಡು ಕೂರುತ್ತ ಅಂದರು: "ಇದನ್ನ ಮೊದಲ ಹೇಳಬಾರದೇನ್ರಿ ಮಾಸ್ತರ? ಆರು ಸಲ ಎದ್ದು ಕುಂತೇವಿ."

ಎಣಿಸಲು ಬಂದ ಸಾಹೇಬರು

ಆರನೆಯ ತಿಂಗಳು ಬಂತು. ಗುರುವಾರ ಒಬ್ಬ ಸಾಹೇಬರು ಅದೇ ಗಾಡಿಯಲ್ಲಿ ಬಂದು, ನಮ್ಮೂರಲ್ಲಿ ಎಷ್ಟು ಜನ ಹತ್ತುತ್ತಾರೆಂದು ಎಣಿಸುತ್ತಾರೆ ಎಂದು ಸುದ್ದಿಯಾಯಿತು. ನನ್ನ ನಿದ್ದೆ ಹೋಯಿತು. ಊರ ಹಿರಿಯರು ಸೇರಿ, ಅಂದು ಊರಿಗೆ ಊರೇ ಬೆಳಗಾವಿಗೆ ಹೋಗುವುದೆಂದು ಠರಾಯಿಸಿದರು. ದೇವರ ಮುಂದೆ ಸುಳ್ಳು ಲೆಕ್ಕ ನಡೆಯದು, ಪ್ರತಿಯೊಬ್ಬರಿಗೂ ಅಲ್ಲಿ ಖರೆ ಕೆಲಸ ಇರಲೇಬೇಕು ಎಂದು ನಾನು ಹಟ ಹಿಡಿದೆ. ಜನ ಒಪ್ಪಿದರು, ಮನೆಮನೆಯಲ್ಲೂ ಕೆಲಸ ಹುಡುಕಿದರು. ಒಬ್ಬರು ಹಲ್ಲು ತೋರಿಸಲು, ಒಬ್ಬರು ಬಾವಿಯ ಹಗ್ಗ ತರಲು ಹೊರಟರು. ಮಾತು ಬಿಟ್ಟಿದ್ದ ಬೀಗರ ಜೊತೆ ರಾಜಿಯಾಗಲು ಹೊರಟವರೂ ಒಬ್ಬರು.

ಗಾಡಿ ನಿಂತಿತು. ಸಾಹೇಬರು ಪೆನ್ನು, ಕಾಗದ ಹಿಡಿದು ಪ್ಲಾಟ್‌ಫಾರ್ಮಿಗೆ ಇಳಿದರು. ಊರಿಗೆ ಬಂದ ದೊಡ್ಡವರನ್ನು ಬರಿ ಬಾಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹಿರಿಯರು ಅವರನ್ನು ಅಲ್ಲೇ ಇದ್ದ ಚಹಾದ ಅಂಗಡಿಗೆ ಎಳೆದೊಯ್ದು, ಒಂದು ಕೈಗೆ ಚಹಾ, ಇನ್ನೊಂದು ಕೈಗೆ ಗಿರಮಿಟ್ಟಿನ ಪ್ಲೇಟು ಕೊಟ್ಟರು. ಪೆನ್ನು ಹಿಡಿಯಲು ಕೈ ಉಳಿಯಲಿಲ್ಲ. ಅಷ್ಟರಲ್ಲಿ ಸೀಟಿ ಕೇಳಿತು. ಎಲ್ಲರಿಗೂ ಒಂದೇ ಧ್ಯಾನ, ಹೇಗಾದರೂ ಹತ್ತಬೇಕು. ಉಪಚಾರ ಮಾಡುತ್ತಿದ್ದ ಹಿರಿಯರೂ ಹಾರಿ ಹತ್ತಿದರು. ಗಾಡಿ ಹೋಯಿತು. ಕಿಟಕಿಯಿಂದ ನೋಡುತ್ತೇನೆ: ಖಾಲಿ ಪ್ಲಾಟ್‌ಫಾರ್ಮಿನಲ್ಲಿ ಸಾಹೇಬರೊಬ್ಬರೇ, ಬಾಯಿ ತುಂಬ ಗಿರಮಿಟ್ಟು.

ಎಣಿಸುವವರೇ ಹಿಂದೆ ಉಳಿದ ಮೇಲೆ ಲೆಕ್ಕವೆಲ್ಲಿ, ನಿಲುಗಡೆಯೆಲ್ಲಿ? ಅಂದು ಮೊದಲ ಸಲ ಅಂಗಿಯ ತೋಳು ಸೊಟ್ಟಗೆ ಕತ್ತರಿಸಿದೆ.

ಸಂಜೆ ಇಳಿದಾಗ ಚಹಾದ ಅಂಗಡಿ ಅಕ್ಕ ನಡೆದದ್ದು ಹೇಳಿದಳು. ಸಾಹೇಬರು ಬಸ್ಸು ಕೇಳಿದರಂತೆ. ಡಾಂಬರು ರಸ್ತೆಯವರೆಗೆ ನಡೆಯಬೇಕು, ಅಲ್ಲಿ ನಿಲ್ಲುವ ಬಸ್ಸು ಆಗಲೇ ಹೋಯಿತು, ಉಳಿದವು ನಿಲ್ಲುವುದಿಲ್ಲ ಎಂದಳಂತೆ. ಆದರೂ ನಡೆದು ಹೋಗಿ, ಬಿಸಿಲಿಗೆ ಕೆಂಪಾಗಿ ಹೊಳ್ಳಿ ಬಂದರಂತೆ. ಊರಲ್ಲಿ ಯಾರ ಮನೆಯಲ್ಲೂ ಬೈಕ್ ಇಲ್ಲವೇ ಎಂದು ಕೇಳಿದಾಗ ಅಕ್ಕ ಅಂದಿದ್ದಳು: "ಬೈಕ್ ರಗಡ ಅದಾವ್ರಿ ಸಾಹೇಬ್ರ. ಹೊಡ್ಯಾವ್ರೆಲ್ಲ ನಿಮ್ಮ ಗಾಡ್ಯಾಗ ಹೋಗ್ಯಾರ." ಕಡೆಗೆ ತಮ್ಮ ಆಫೀಸಿಗೇ ಫೋನು ಹಚ್ಚಿದರೆ, ಬೇರೆ ದಾರಿಯಿಲ್ಲ, ಸಂಜೆ ಲೋಕಲ್ ಹಿಡಿದು ಬನ್ನಿ ಎಂದರಂತೆ.

ಅವರು ನಾವು ಇಳಿದ ಗಾಡಿಗೇ ಹತ್ತುತ್ತಿದ್ದರು. ನಾನು ಓಡಿಹೋಗಿ, ತಪ್ಪಾಯಿತು ಎಂದು ಕೈಮುಗಿದು, ನಮ್ಮ ನಿಲುಗಡೆಯ ಗತಿ ಏನು ಎಂದು ಕೇಳಿದೆ. ಸಾಹೇಬರು ಹತ್ತಿ ಕೂತು ಕಾಗದವನ್ನು ಕಿಟಕಿಗೆ ಹಿಡಿದರು. ಅದರಲ್ಲಿ ಎರಡೇ ಸಾಲು:

"ನಾನು ಕಣ್ಣಾರೆ ಎಣಿಸಿದಂತೆ ಹತ್ತಿದವರು: ನಾನೊಬ್ಬನೇ. ನಿಲುಗಡೆಯ ಅವಶ್ಯಕತೆ: ವಿಪರೀತ."

ನಿಲುಗಡೆ ಉಳಿಯಿತು, ಕತ್ತರಿ ನನ್ನ ಕೈಯಲ್ಲೇ ಇದೆ. ಇಷ್ಟು ಹೊತ್ತು ಕಿವಿಗೊಟ್ಟ ನಿಮ್ಮೆಲ್ಲರನ್ನೂ ಆ ದಯಾಮಯ ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿಸಲಿ. ನೀವು ಬರುವ ದಾರಿ ನೋಡುವವರು ಬಾಗಿಲಲ್ಲಿ ಸದಾ ಇರಲಿ.